ಪೇಪರ್ ಕಟಿಂಗ್ ಪಕ್ಕದಲ್ಲಿದ್ದ ಪತ್ರ

ಹಳೇ ಪತ್ರದೊಳಗೆ ಪೇಪರ್ ಕಟಿಂಗ್ ಒಂದನ್ನು ಮಡಚಿಟ್ಟು ಮರೆತಿದ್ದರೆ, ವರ್ಷಗಳ ನಂತರ ಪತ್ರದ ಮೇಲೆ ಅದೇ ಅಳತೆಯ ಕಂದು ಚೌಕ ಮೂಡಿರುತ್ತದೆ. ಅದು ಕೊಳೆಯಲ್ಲ. ಕಟಿಂಗ್‌ನಲ್ಲಿದ್ದ ಆಮ್ಲ ಪತ್ರಕ್ಕೆ ದಾಟಿದ ಗುರುತು.

ಕಾಗದದ ಗಟ್ಟಿತನವೆಲ್ಲ ಸೆಲ್ಯುಲೋಸ್ ಎಂಬ ಉದ್ದನೆಯ ಅಣು ಸರಪಳಿಗಳಲ್ಲಿದೆ. ಆಮ್ಲ, ತೇವ ಎರಡೂ ಸೇರಿದರೆ ಈ ಸರಪಳಿ ಅಲ್ಲಲ್ಲಿ ತುಂಡಾಗುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ. ಚಿಂದಿ ಬಟ್ಟೆಯಿಂದ ಮಾಡಿದ 1700ರ ಸುಮಾರಿನ ಹಾಳೆ ಇವತ್ತಿಗೂ ಚೆನ್ನಾಗಿರುತ್ತದೆ, 1900ರದ್ದು ಮಡಿಕೆಯಲ್ಲೇ ಮುರಿಯುತ್ತದೆ. ವಿಚಿತ್ರ ಅಲ್ವಾ? 19ನೇ ಶತಮಾನದಲ್ಲಿ ಶಾಯಿ ಹರಡದಿರಲೆಂದು ಪಟಿಕ, ರಾಳ ಬೆರೆಸತೊಡಗಿದರು. ಆಮೇಲೆ ಅಗ್ಗದ ಮರದ ತಿರುಳೂ ಬಂತು. ಆಮ್ಲ ಕಾಗದದ ಒಳಗೇ ಸೇರಿಹೋಯಿತು.

ಹಾಗಾಗಿ ಕಟಿಂಗ್‌ಗಳನ್ನು ಮೊದಲು ಬೇರೆ ಮಾಡಿ. ತುಕ್ಕು ಹಿಡಿಯುವ ಪಿನ್ನು, ಕ್ಲಿಪ್ಪು ತೆಗೆಯಿರಿ. ಆಮ್ಲವಿಲ್ಲದ ಲಕೋಟೆ, ಪೆಟ್ಟಿಗೆ ಸಿಕ್ಕರೆ ಒಳ್ಳೆಯದು. ಅಟ್ಟದ ಮೇಲೆ ಮಾತ್ರ ಇಡಬೇಡಿ, ಅಲ್ಲಿ ಸೆಖೆ. ಗಾಳಿಯ ತೇವ 65% ದಾಟಿದರೆ ಬೂಷ್ಟು ಬರುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ, ಅದರ ಅಂಟು ಹಳದಿಯಾಗಿ ಹಾಳೆಯೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಬಿಡಿಸೋದು ತುಂಬಾ ಕಷ್ಟ.

ಆದರೆ ನನಗೆ ಇದಕ್ಕಿಂತ ಜಾಸ್ತಿ ಸಂಕಟವಾಗೋದು, ಕಾಗದ ಉಳಿದು ಅದರ ಗುರುತು ಕಳೆದುಹೋದಾಗ. ಪತ್ರ ಇಟ್ಟುಕೊಂಡು ಲಕೋಟೆ ಎಸೆಯುತ್ತಾರೆ. ಊರು, ತಾರೀಖು ಹೇಳುವ ಅಂಚೆ ಮುದ್ರೆ ಇದ್ದದ್ದು ಅದರ ಮೇಲೇ! ಯಾರೋ ದಾರ ಕಟ್ಟಿಟ್ಟ ಕಂತೆಯನ್ನು ಬಿಚ್ಚಿ, ಸುಮ್ನೆ ಅಂದವಾಗಲೆಂದು ಹೊಸದಾಗಿ ಜೋಡಿಸುತ್ತಾರೆ. ರಸೀದಿ, ಪತ್ರ, ಫೋಟೋ ಒಂದೇ ಕಂತೆಯಲ್ಲಿ ಯಾಕಿದ್ದವು ಅನ್ನೋದೇ ವಂಶಾವಳಿ ಹುಡುಕುವವರಿಗೆ ಸುಳಿವು. ಬಿಚ್ಚುವ ಮುಂಚೆ ಕ್ರಮವನ್ನು ಬರೆದಿಡಿ, ಫೋಟೋ ತೆಗೆದಿಡಿ.

ಹಳೇ ಫೋಟೋಗಳ ಹಿಂದೆ ‘ಅತ್ತೆ, ಮದುವೆ ದಿನ’ ಅಂತಷ್ಟೇ ಇರುತ್ತದೆ. ಯಾರ ಅತ್ತೆ? ಅಪ್ಪನ ತಂಗಿಯಾ, ಸೋದರಮಾವನ ಹೆಂಡತಿಯಾ, ಗಂಡನ ತಾಯಿಯಾ? ಬರೆದವರಿಗೆ ಗೊತ್ತಿತ್ತು. ಎರಡು ತಲೆಮಾರು ಕಳೆದರೆ ಆ ಒಂದು ಪದದಿಂದ ಮೂರು ಮನೆತನದ ಕಡೆ ದಾರಿ ಒಡೆಯುತ್ತದೆ. ಗೊತ್ತಿರುವ ಹಿರಿಯರು ಇದ್ದರೆ ಈಗಲೇ ಕೇಳಿ. ಹೆಸರು, ಯಾರ ಮಗಳು, ಯಾವ ಊರು ಎಂದು ಫೋಟೋದ ಹಿಂಬದಿ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ.