ಕೌನ್ಸೆಲರ್ ಇಲ್ಲದ ಶಾಲೆಯಲ್ಲಿ ಮಗುವಿನ ಮನಸ್ಸು ನೋಡುವವರು ಯಾರು?

1989ರಲ್ಲಿ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮೊದಲ ಸಲ ಮಾತಾಡಲು ಎದ್ದರು. ಮೈಸೂರಿನ ಈ ಕತೆಗಾರ ಆರಿಸಿಕೊಂಡ ವಿಷಯ ಮಕ್ಕಳ ಸ್ಕೂಲ್ ಬ್ಯಾಗು. ಹೊತ್ತು ಹೊತ್ತು ಮಕ್ಕಳ ಬೆನ್ನು ಬಾಗಿದೆ, ಚಿಂಪಾಂಜಿ ಥರ ಕೈ ಮುಂದಕ್ಕೆ ಇಳಿಬಿಟ್ಟು ನಡೆಯುತ್ತಾರೆ ಅಂದರು. ಅಲ್ಲಿಂದ ಎದ್ದ ಚರ್ಚೆ ಕೇಂದ್ರ ಸರ್ಕಾರ ನೇಮಿಸಿದ ಯಶ್‌ಪಾಲ್ ಸಮಿತಿಯವರೆಗೆ ಹೋಯಿತು. 1993ರ ಅದರ ವರದಿ, ಬ್ಯಾಗಿಗಿಂತ ಜಾಸ್ತಿ ಭಾರ ಇರುವುದು ಅರ್ಥವಾಗದೇ ಕಲಿಯುವುದರಲ್ಲಿ ಅಂತ ಹೇಳಿತು. ಒಂದು, ಎರಡನೇ ಕ್ಲಾಸಿನ ಬ್ಯಾಗು 2 ಕಿಲೋ ದಾಟಬಾರದು, ಹೋಂವರ್ಕ್ ಕೊಡಬಾರದು ಅಂತ ಕರ್ನಾಟಕದಲ್ಲಿ ಆದೇಶ ಬಂದದ್ದು 2019ರಲ್ಲಿ. ಅಂದರೆ ನಾರಾಯಣ್ ಮಾತಾಡಿ ಮೂವತ್ತು ವರ್ಷ ಆದಮೇಲೆ!

ಪ್ರೈಮರಿ ಮಕ್ಕಳ ಮನಸ್ಸಿನ ವಿಚಾರ ನಮ್ಮಲ್ಲಿ ಯಾವತ್ತೂ ಹೀಗೆ ಬೇರೆ ಹೆಸರಲ್ಲೇ ಬಂದಿದೆ. ಒಮ್ಮೆ ಬ್ಯಾಗು, ಒಮ್ಮೆ ಬೆತ್ತ, ಒಮ್ಮೆ ಪರೀಕ್ಷೆ. ‘ಮಾನಸಿಕ ಆರೋಗ್ಯ’ ಅಂತ ನೇರವಾಗಿ ಹೇಳಿದರೆ ಊರಲ್ಲಿ ಜನ ಹಿಂಜರಿಯುತ್ತಾರೆ. ನಿಮ್ಹಾನ್ಸ್ ಅಂದರೆ ಹುಚ್ಚಾಸ್ಪತ್ರೆ ಅನ್ನುವ ಹಳೇ ಭಯ ಇನ್ನೂ ಪೂರ್ತಿ ಹೋಗಿಲ್ಲ, ಅಲ್ವಾ? ಅದೇ ನಿಮ್ಹಾನ್ಸ್‌ನಲ್ಲಿ ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲೇ ಶಾಲಾ ಶಿಕ್ಷಕರಿಗೆ ತರಬೇತಿ ಶುರು ಮಾಡಿದ್ದರು. ಲೆಕ್ಕಾಚಾರ ಸರಳ. ಪ್ರತಿ ಶಾಲೆಗೂ ಒಬ್ಬ ತಜ್ಞರನ್ನು ಎಲ್ಲಿಂದ ತರುವುದು? ಮಗುವನ್ನು ದಿನಾ ನೋಡುವವರು ಮೇಷ್ಟ್ರು, ಟೀಚರು. ಚೂಟಿಯಾಗಿದ್ದ ಮಗು ಇದ್ದಕ್ಕಿದ್ದಂತೆ ಮೂಲೆ ಸೇರಿದರೆ ಮೊದಲು ಗೊತ್ತಾಗುವುದು ಅವರಿಗೇ. ಆಮೇಲೆ ಬಂದ ಜೀವನ ಕೌಶಲ ಶಿಕ್ಷಣ ಮಾತ್ರ ಹೆಚ್ಚಾಗಿ ಹೈಸ್ಕೂಲು ಮಕ್ಕಳತ್ತ ಹೋಯಿತು. ಚಿಕ್ಕವರಿಗೆ ಏನು ಚಿಂತೆ ಅಂತ ಇರಬೇಕು.

ಚಿಕ್ಕವರ ಪಾಲಿಗೆ ನಿಜವಾದ ಬದಲಾವಣೆ ಬಂದದ್ದು ಎಚ್.ಡಿ. ಕೋಟೆಯಿಂದ. 1995ರಲ್ಲಿ ಅಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಬಂದು, ನಲಿ-ಕಲಿ ಅನ್ನುವ ಕಲಿಕಾ ಪದ್ಧತಿ ಶುರು ಮಾಡಿದರು. ಒಂದು ನಲಿ-ಕಲಿ ಕೋಣೆ ನೆನಪಿಸಿಕೊಳ್ಳಿ. ಬೆಂಚಿಲ್ಲ, ಮಕ್ಕಳು ನೆಲದ ಮೇಲೆ ದುಂಡಗೆ ಕೂತಿರುತ್ತಾರೆ. ಕರಿಹಲಗೆ ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆ ಎಟಕುವ ಹಾಗೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರ. ಹಾಜರಿಯನ್ನೂ ಮಗುವೇ ಹಾಕಿಕೊಳ್ಳುತ್ತದೆ. ಪಾಠ ಅನ್ನುವುದು ಕಾರ್ಡುಗಳ ಏಣಿ. ಜ್ವರ ಬಂದೋ, ಅಪ್ಪ ಅಮ್ಮನ ಜೊತೆ ಕೂಲಿಗೆ ಹೋಗಿಯೋ ವಾರಗಟ್ಟಲೆ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯಬಹುದು. ‘ಎಲ್ಲ ಮುಗೀತು, ನೀನು ಎಲ್ಲಿದ್ದೆ?’ ಅಂತ ಎಲ್ಲರೆದುರು ನಿಲ್ಲಿಸುವ ಪ್ರಶ್ನೆಯೇ ಬರುವುದಿಲ್ಲ. ಇದನ್ನು ಯಾರೂ ಮಾನಸಿಕ ಆರೋಗ್ಯ ಯೋಜನೆ ಅಂತ ಕರೆಯಲಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಸರ್ಕಾರಿ ಶಾಲೆಗಳು ಕಂಡ ಅತಿ ದೊಡ್ಡ ಮಾನಸಿಕ ಆರೋಗ್ಯ ಯೋಜನೆ ಅದೇ.

ಬೆತ್ತದ ಕತೆ ಬೇರೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ‘ನಾಲ್ಕು ಬಿಡಿ ಮೇಷ್ಟ್ರೇ, ಸರಿಹೋಗ್ತಾನೆ’ ಅನ್ನುವ ಪೋಷಕರು ಈಗಲೂ ಸಿಗುತ್ತಾರೆ.

ಆಮೇಲೆ ಕೋವಿಡ್. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ಕ್ಲಾಸುಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಮರದಡಿ, ಗುಡಿ ಜಗಲಿಯಲ್ಲಿ ಪಾಠ ಮಾಡುವ ವಿದ್ಯಾಗಮ ಸ್ವಲ್ಪ ಕಾಲ ನಡೆದು ನಿಂತಿತು. 2020ರಲ್ಲಿ ಒಂದನೇ ಕ್ಲಾಸು ಸೇರಿದ ಎಷ್ಟೋ ಮಕ್ಕಳು ಶಾಲೆಯ ಕೋಣೆ ಕಂಡಿದ್ದು ಎರಡನೇ ಕ್ಲಾಸಿಗೆ ಬಂದಮೇಲೆ. ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು, ಓದು-ಬರಹ ಎಷ್ಟು ಹಿಂದೆ ಬಿತ್ತು ಅಂತ ಅಳೆದೂ ಆಯಿತು. ಮನಸ್ಸಿನ ಪಾಲಿಗೆ ಬಂದದ್ದು ಫೋನ್ ನಂಬರು: 2020ರಲ್ಲಿ ಕೇಂದ್ರದ ಮನೋದರ್ಪಣ, 2022ರಲ್ಲಿ ಟೆಲಿ ಮಾನಸ್‌ನ 14416. ಒಳ್ಳೆಯ ಕೆಲಸವೇ, ಕನ್ನಡದಲ್ಲೂ ಮಾತಾಡಬಹುದು. ಆದರೆ ಏಳು ವರ್ಷದ ಮಗು ತಾನಾಗಿ ಫೋನ್ ಮಾಡುತ್ತದೆಯೇ? ದೊಡ್ಡವರು ಯಾರಾದರೂ ಗಮನಿಸಿ ಮಾಡಬೇಕು.

ಇಷ್ಟರ ಮೇಲೆ 2024ರ ಮಾರ್ಚ್. ಐದನೇ ಕ್ಲಾಸಿಗೂ ಬೋರ್ಡ್ ಮಾದರಿ ಪರೀಕ್ಷೆ, ಅದರ ಮೇಲೆ ಕೋರ್ಟ್ ಕೇಸು. 11ರಂದು ಪರೀಕ್ಷೆ ಶುರುವಾಯಿತು, ಮರುದಿನವೇ ಸುಪ್ರೀಂ ಕೋರ್ಟ್ ತಡೆಯಿತು. ಆಮೇಲೆ ಹೈಕೋರ್ಟ್ ಒಪ್ಪಿತು, ಉಳಿದ ಪೇಪರ್ ನಡೆದವು. ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಮತ್ತೆ ತಡೆ. ಹತ್ತು ವರ್ಷದ ಮಕ್ಕಳಿಗೆ ಇದನ್ನೆಲ್ಲ ವಿವರಿಸಿ ಹೇಳುವ ಕೆಲಸವೂ ಟೀಚರಿಗೇ ಬಿತ್ತು.

ಸುತ್ತಿ ಬಳಸಿ ಎಲ್ಲವೂ ಅವರ ತಲೆಗೇ ಬರುತ್ತದೆ. ನಿಮ್ಹಾನ್ಸ್ ತರಬೇತಿ ಕೊಟ್ಟದ್ದು, ನಲಿ-ಕಲಿ ನಿಂತದ್ದು, ಹೆಲ್ಪ್‌ಲೈನ್ ನೆಚ್ಚಿಕೊಂಡದ್ದು, ಮಗುವನ್ನು ಗಮನಿಸಲು ಪುರುಸೊತ್ತು ಇರುವ ಒಬ್ಬ ಶಿಕ್ಷಕರನ್ನು ನಂಬಿ. ಅವರ ಕೈಯಲ್ಲಿ ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಮತಪಟ್ಟಿ. ಏಕೋಪಾಧ್ಯಾಯ ಶಾಲೆಯಾದರೆ ಇದಷ್ಟನ್ನೂ ಒಬ್ಬರೇ ನೋಡಬೇಕು. ಅವರಿಗೆ ಸುಸ್ತಾದರೆ, ಬೇಜಾರಾದರೆ ಯಾರ ಹತ್ತಿರ ಹೇಳಿಕೊಳ್ಳಬೇಕು ಅನ್ನುವುದಕ್ಕೆ ಶಾಲೆಯೊಳಗೆ ಯಾವ ವ್ಯವಸ್ಥೆಯೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿತು. ಶಿಕ್ಷಕರಿಗೆ ವಹಿಸಿದ್ದ ಜಾತಿ ಸಮೀಕ್ಷೆಯ ಕೆಲಸ ಇನ್ನೂ ಮುಗಿದಿರಲಿಲ್ಲ.