ನೊಣ ಬಿಟ್ಟಿದ್ದಕ್ಕೆ ಫಿಜಿಯ ಪತಂಗವೇ ಇಲ್ಲವಾಯಿತೇ?

ಪ್ರಶ್ನೆ: ತೆಂಗಿನ ಕಪ್ಪುತಲೆ ಹುಳುವಿಗೆ ನಾವು ಗೋನಿಯೋಜಸ್ ಎಂಬ ಪರೋಪಜೀವಿ ಕಣಜ ಬಿಡುತ್ತೇವೆ. ಫಿಜಿಯಲ್ಲಿ ಹೀಗೆ ಬಿಟ್ಟ ನೊಣದಿಂದ ಒಂದು ಪತಂಗದ ಸಂತತಿಯೇ ಅಳಿಯಿತಂತೆ. ಹಾಗೆ ಆಗೋದು ಸಾಧ್ಯವಾ?

ಉತ್ತರ: ಸಾಮಾನ್ಯವಾಗಿ ಆಗುವುದಿಲ್ಲ. ಹುಳು ಕಡಿಮೆಯಾದರೆ ಅದನ್ನೇ ನಂಬಿದ ಪರೋಪಜೀವಿಗೂ ಊಟವಿಲ್ಲ, ಅದೂ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಹುಳು ಚೇತರಿಸಿಕೊಳ್ಳುತ್ತದೆ. ಆದರೆ ನೀವು ಹೇಳಿದ ಫಿಜಿಯ ಪತಂಗಕ್ಕೆ, ಅಂದರೆ ಲೆವುವಾನಕ್ಕೆ, ಆ ಬಿಡುವು ಸಿಗಲಿಲ್ಲ.

ಫಿಜಿಯ ವಿಟಿ ಲೆವು ದ್ವೀಪದಲ್ಲಿದ್ದ ಪುಟ್ಟ ಪತಂಗವದು, ನೀಲಿ ಹೊಳಪಿನದು. ನೋಡಲು ಚೆಂದ, ಆದರೆ ಅದರ ಮರಿಹುಳು ತೆಂಗಿನ ಗರಿಯ ಅಡಿಭಾಗವನ್ನು ಕೆರೆದು ತಿನ್ನುತ್ತಿತ್ತು. ದೂರದಿಂದ ನೋಡಿದರೆ ಮರ ಬೆಂಕಿಗೆ ಬಾಡಿದ ಹಾಗೆ ಕಾಣುತ್ತಿತ್ತು. 1877ರ ಹೊತ್ತಿಗೇ ಕಾಟ ಶುರುವಾಗಿತ್ತು. 1920ರ ದಶಕದಲ್ಲಿ ಅದು ಬೇರೆ ದ್ವೀಪಗಳಿಗೂ ಹರಡತೊಡಗಿದಾಗ ಕೊಬ್ಬರಿಯನ್ನೇ ನಂಬಿದ್ದ ಜನ ಕಂಗಾಲಾದರು. ತೆಂಗು ಬೆಳೆಯುವವರಿಗೆ ಆ ಭಯ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆಗ ಕೀಟತಜ್ಞ ಟೊಟ್‌ಹಿಲ್ ಅವರ ತಂಡ ಕೆಲಸಕ್ಕೆ ಇಳಿಯಿತು. ಲೆವುವಾನದ ಸಹಜ ಶತ್ರು ಸಿಗಲಿಲ್ಲ. ಹಾಗಾಗಿ ಮಲಯಾದಲ್ಲಿ (ಈಗಿನ ಮಲೇಷ್ಯಾದ ಭಾಗ) ಅದರ ದೂರದ ನೆಂಟನಂಥ ಇನ್ನೊಂದು ತೆಂಗಿನ ಪತಂಗವನ್ನು ಕಾಡುವ ನೊಣವನ್ನು ಆರಿಸಿದರು. ಹೆಸರು ಬೆಸ್ಸಾ ರಿಮೋಟಾ. ಅದು ಮರಿಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಒಡೆದು ಬಂದ ನೊಣದ ಮರಿ ಆ ಹುಳುವಿನ ಒಳಗೆ ಸೇರಿ ಅದನ್ನು ತಿನ್ನುತ್ತದೆ. ಪಂಜರದೊಳಗೆ ತೆಂಗಿನ ಸಸಿ, ಹುಳು ಎಲ್ಲ ಇಟ್ಟು ಹಡಗಿನಲ್ಲಿ ಸಾಗಿಸಿದರು. 1925ರಲ್ಲಿ ಫಿಜಿ ತಲುಪಿದಾಗ ಜೀವಂತ ಉಳಿದಿದ್ದು ಸುಮಾರು 300 ನೊಣ. ಅವನ್ನು ಸಾಕಿ, ಹೆಚ್ಚಿಸಿ ಬಿಟ್ಟರು. ಕೆಲವೇ ತಿಂಗಳಲ್ಲಿ ತೋಟ ಹಸಿರಾಯಿತು.

ಕಷ್ಟದ ಮಾತು ಇಲ್ಲಿದೆ. ಆ ನೊಣ ಲೆವುವಾನವನ್ನು ಮಾತ್ರ ತಿನ್ನುವುದಲ್ಲ. ಬೇರೆ ಪತಂಗಗಳ ಮರಿಹುಳುಗಳೂ ಅದಕ್ಕೆ ಆಹಾರ. ಲೆವುವಾನ ವಿರಳವಾದಾಗಲೂ ನೊಣ ಹಸಿವಿನಿಂದ ಸಾಯಲಿಲ್ಲ. ಅಲ್ಲಲ್ಲಿ ಉಳಿದ ಹುಳುಗಳನ್ನೂ ಹುಡುಕಿ ಮುಗಿಸುತ್ತಲೇ ಹೋಯಿತು. 1950ರ ದಶಕದ ನಂತರ ಲೆವುವಾನ ಕಂಡಿದ್ದಿಲ್ಲ. ಅಳಿದ, ಅಳಿವಿನಂಚಿನ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಈಗ ಅಳಿದ ಜೀವಿ. ಅದು ಫಿಜಿಗೆ ಮೂಲದ್ದೋ ಬೇರೆಲ್ಲಿಂದಲೋ ಬಂದದ್ದೋ ಎಂಬ ಚರ್ಚೆ ಇನ್ನೂ ಇದೆ. ಬೇರೆ ದ್ವೀಪದಲ್ಲಿ ಉಳಿದಿರಬಹುದು ಎನ್ನುವವರೂ ಇದ್ದಾರೆ. ನನಗಂತೂ ಅದು ನಿಜವಾಗಲಿ ಎಂಬ ಆಸೆ.

ನಿಮ್ಮ ತೋಟಕ್ಕೆ ಬಂದರೆ, ಗೋನಿಯೋಜಸ್ ಎಲ್ಲಿಂದಲೋ ತಂದದ್ದಲ್ಲ. ಅದು ನಮ್ಮ ನೆಲದ್ದೇ ಕಣಜ, ಕಪ್ಪುತಲೆ ಹುಳುವಿನ ಜೊತೆ ಮೊದಲಿನಿಂದಲೂ ಇಲ್ಲಿ ಬದುಕಿದೆ. ಪ್ರಯೋಗಾಲಯದಲ್ಲಿ ಅದರ ಸಂಖ್ಯೆ ಹೆಚ್ಚಿಸಿ ಬಿಡುತ್ತಾರೆ, ಅಷ್ಟೇ. ಧೈರ್ಯವಾಗಿ ಬಿಡಿ.