ಚೀಟಿ ಇಲ್ಲದೆ ಮಾತ್ರೆ, ಆದರೆ ಪ್ರಶ್ನೆ ಕೇಳದೆ ಅಲ್ಲ

ಉರಿಮೂತ್ರ ಶುರುವಾದ ಹೆಂಗಸಿಗೆ ವೈದ್ಯರನ್ನು ನೋಡಲು ಎರಡು ದಿನ ಕಾಯುವುದೆಂದರೆ ನರಕ. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಂದು ‘ಫಾರ್ಮಸಿ ಫಸ್ಟ್’ ಯೋಜನೆ ಶುರುವಾಯಿತು. ಗಂಟಲು ನೋವು, ಸರ್ಪಸುತ್ತು, ಉರಿಮೂತ್ರ ಸೇರಿದಂತೆ ಏಳು ತೊಂದರೆಗಳಿಗೆ ವೈದ್ಯರ ಚೀಟಿ ಬೇಕಿಲ್ಲ. ಫಾರ್ಮಸಿಸ್ಟೇ ವಿಚಾರಿಸಿ, ಅಗತ್ಯವಿದ್ದರೆ ಔಷಧ ಕೊಡುತ್ತಾರೆ.

ಆಂಟಿಬಯಾಟಿಕ್ ಇಷ್ಟು ಸುಲಭವಾಗಿ ಸಿಕ್ಕರೆ ಅಪಾಯ ಅಲ್ವಾ? ಸುಮ್ನೆ ಕೇಳಿದವರಿಗೆಲ್ಲ ಕೊಟ್ಟರೆ ಖಂಡಿತ ಅಪಾಯ. ಇಲ್ಲಿ ಹಾಗಾಗುವುದಿಲ್ಲ.

ಉರಿಮೂತ್ರಕ್ಕೆ ಕೊಡುವ ನೈಟ್ರೋಫ್ಯುರಾಂಟಾಯಿನ್ ಮಾತ್ರೆಯನ್ನೇ ನೋಡಿ. ಇದು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಕಿಡ್ನಿ ಅದನ್ನು ಬೇಗನೆ ಮೂತ್ರಕ್ಕೆ ಸಾಗಿಸುತ್ತದೆ. ಹಾಗಾಗಿ ಮೂತ್ರಕೋಶದಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಪೆಟ್ಟು ಬೀಳುತ್ತದೆ. ಮೂರು ದಿನದ ಮಾತ್ರೆ ಸಾಕಾಗುತ್ತದೆ. ಆದರೆ ಸೋಂಕು ಕಿಡ್ನಿಗೇ ಏರಿದ್ದರೆ ಇದು ಕೆಲಸಕ್ಕೆ ಬರುವುದಿಲ್ಲ. ಕಿಡ್ನಿಯ ಒಳಗೆ ಸಾಕಷ್ಟು ಔಷಧ ಸೇರುವುದೇ ಇಲ್ಲ. ಕಿಡ್ನಿ ಮೊದಲೇ ಸೋತಿದ್ದರೆ ಇನ್ನೂ ಕಷ್ಟ: ಔಷಧ ಮೂತ್ರಕ್ಕೆ ಇಳಿಯದೆ ರಕ್ತದಲ್ಲೇ ಉಳಿದು ನರಗಳಿಗೆ ಪೆಟ್ಟು ಕೊಡಬಹುದು.

ಅದಕ್ಕೇ ಮಾತ್ರೆಗಿಂತ ಮೊದಲು ಪ್ರಶ್ನೆಗಳು. ಚಳಿ ಜ್ವರ ಇದೆಯಾ? ಪಕ್ಕೆ, ಬೆನ್ನು ನೋಯುತ್ತಾ? ವಾಂತಿ ಆಯ್ತಾ? ಗರ್ಭಿಣಿಯಾ? ಕಿಡ್ನಿ ತೊಂದರೆ ಇದೆಯಾ? ಒಂದಕ್ಕೆ ಹೌದು ಎಂದರೂ ವೈದ್ಯರ ಬಳಿಗೇ ಕಳಿಸಬೇಕು. ಉರಿಮೂತ್ರದ ಈ ಸೇವೆ 16ರಿಂದ 64 ವರ್ಷದ ಹೆಂಗಸರಿಗೆ ಮಾತ್ರ. ಗಂಡಸರಲ್ಲಿ ಇದೇ ಉರಿಗೆ ಪ್ರಾಸ್ಟೇಟ್ ಸೋಂಕಿನಂಥ ಬೇರೆ ಕಾರಣ ಇರಬಹುದು.

ಕೆನಡಾದ ಆಲ್ಬರ್ಟಾ ಇನ್ನೂ ಮುಂದೆ ಹೋಗಿದೆ. ಅಲ್ಲಿ 2007ರಿಂದಲೇ ಹೆಚ್ಚುವರಿ ಅನುಮತಿ ಪಡೆದ ಫಾರ್ಮಸಿಸ್ಟ್‌ಗಳು ಹೊಸದಾಗಿ ಚಿಕಿತ್ಸೆ ಶುರು ಮಾಡಬಹುದು.

ನನಗೆ ಈ ದಾರಿ ಸರಿ ಅನ್ನಿಸುತ್ತದೆ. ಔಷಧಗಳು ಒಂದಕ್ಕೊಂದು ಹೇಗೆ ತಗುಲುತ್ತವೆ ಎಂಬುದು ಫಾರ್ಮಸಿಸ್ಟ್‌ಗಳು ವರ್ಷಗಟ್ಟಲೆ ಓದಿದ ವಿಷಯ. ಆದರೆ ಮಾರುವವರೇ ತೀರ್ಮಾನಿಸುವಾಗ ದುಡ್ಡಿನ ಆಸೆ ನುಸುಳಬಾರದು. ಇಂಗ್ಲೆಂಡಿನ ಏರ್ಪಾಡು ನನಗೆ ಇಷ್ಟವಾಗುವುದು ಇಲ್ಲೇ: ಸಮಾಲೋಚನೆಗೇ ಶುಲ್ಕ, ಔಷಧ ಕೊಡದಿದ್ದರೂ ಫಾರ್ಮಸಿಗೆ ಅದು ಸಿಗುತ್ತದೆ. ಜೊತೆಗೆ, ಏನು ಕೊಟ್ಟೆವು ಎಂಬ ವಿವರ ರೋಗಿಯ ವೈದ್ಯರಿಗೂ ತಲುಪುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ಮತ್ತೆ ಉರಿ ಬಂದರೆ ಮೂತ್ರವನ್ನು ಲ್ಯಾಬಿಗೆ ಕಳಿಸಿ ಕಾರಣ ಹುಡುಕಬೇಕಾದವರು ಅವರೇ.